ಡೀಸೆಲ್ ಪಿಕಪ್ ಗಾಡಿಗಳು: ಎಣ್ಣೆಯ ಖರ್ಚೂ ಎಳೆಯುವ ಬಲವೂ

ಎತ್ತಿನ ಗಾಡಿಯಲ್ಲಿ ಮಾಲನ್ನು ಹೇರಿಕೊಂಡು, ರಾತ್ರಿಯೆಲ್ಲಾ ದಾರಿ ನಡೆದು, ಬೆಳಗಾಗುವ ಹೊತ್ತಿಗೆ ಪೇಟೆಯನ್ನು ಸೇರುತ್ತಿದ್ದ ಕಾಲವು ಹಿಂದಾಯಿತು. ಈಗ ತರಕಾರಿ, ಹೂವು, ಹಣ್ಣು, ಹಾಲು ಮೊದಲಾದ ಬೇಗ ಕೆಡುವ ಪದಾರ್ಥಗಳೆಲ್ಲವೂ ಬಹುಮಟ್ಟಿಗೆ ಪಿಕಪ್ ಎಂದು ಕರೆಯಲ್ಪಡುವ ಸಣ್ಣ ಡೀಸೆಲ್ ಲಾರಿಗಳಲ್ಲಿಯೇ ಸಾಗುತ್ತಿವೆ. ಗ್ರಾಮದಲ್ಲಿ ಅನುಕೂಲಸ್ಥರಾದ ಜಮೀನುದಾರರು ಸ್ವಂತಕ್ಕೆ ಒಂದು ಗಾಡಿಯನ್ನು ಕೊಳ್ಳುವುದೂ, ಅದಕ್ಕಾಗಿ ಸಾಲ ಮಾಡುವುದೂ ಸಾಮಾನ್ಯವಾಗಿದೆ. ಸಾಲದ ಕಂತು ತಿಂಗಳಿಗೊಮ್ಮೆ ಬರುತ್ತದೆ. ಎಣ್ಣೆಯ ಖರ್ಚು ಪ್ರತಿದಿನವೂ ಬರುತ್ತದೆ. ಕಂತನ್ನು ಎಲ್ಲರೂ ಲೆಕ್ಕ ಹಾಕಿ ನೋಡುತ್ತಾರೆ. ಎಣ್ಣೆಯನ್ನು ಲೆಕ್ಕ ಹಾಕುವವರು ವಿರಳ. ಆದ್ದರಿಂದ ಈ ಗಾಡಿಗಳ ಎಣ್ಣೆಯ ಮಿತವ್ಯಯವನ್ನೂ, ಭಾರವನ್ನು ಎಳೆಯುವ ಸಾಮರ್ಥ್ಯವನ್ನೂ ಹೋಲಿಸಿ ನೋಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಡೀಸೆಲ್ ಯಂತ್ರದ ಗುಣ

ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರು ನಿರ್ಮಿಸಿದ ಯಂತ್ರವನ್ನು 1897ರಲ್ಲಿ ಆಗ್ಸ್‌ಬರ್ಗ್ ಪಟ್ಟಣದಲ್ಲಿ ಪರೀಕ್ಷಿಸಿದಾಗ, ಎಣ್ಣೆಯಲ್ಲಿರುವ ಶಕ್ತಿಯಲ್ಲಿ ಶೇಕಡಾ 26 ಭಾಗವು ಕೆಲಸಕ್ಕೆ ದೊರೆಯಿತು. ಆ ಕಾಲದ ಉಗಿಯಂತ್ರಗಳಿಗೆ ಹೋಲಿಸಿದರೆ ಇದು ಬಹಳ ಹೆಚ್ಚು. ಪೆಟ್ರೋಲ್ ಯಂತ್ರದಲ್ಲಿ ಕಿಡಿಯಿಂದ ಬೆಂಕಿ ಹತ್ತುತ್ತದೆ. ಡೀಸೆಲ್ ಯಂತ್ರದಲ್ಲಾದರೋ ಗಾಳಿಯನ್ನು ಮಾತ್ರ ಸಿಲಿಂಡರಿನೊಳಕ್ಕೆ ಎಳೆದು, ಅದರ ಗಾತ್ರವು ಸುಮಾರು 15ರಿಂದ 20ರಲ್ಲಿ ಒಂದು ಪಾಲು ಆಗುವಂತೆ ಒತ್ತಲಾಗುತ್ತದೆ. ಹಾಗೆ ಒತ್ತಲ್ಪಟ್ಟ ಗಾಳಿಯು ಕಾಯುತ್ತದೆ. ಆ ಕಾವಿನಲ್ಲಿ ಸಿಂಪಡಿಸಿದ ಎಣ್ಣೆಯು ತಾನಾಗಿಯೇ ಉರಿಯುತ್ತದೆ. ಒತ್ತುವಿಕೆಯು ಹೆಚ್ಚಾಗಿರುವುದರಿಂದಲೂ, ಕಡಿಮೆ ಕೆಲಸವಿದ್ದಾಗ ಎಣ್ಣೆಯನ್ನು ಮಾತ್ರ ಕಡಿಮೆ ಮಾಡಿದರೆ ಸಾಕಾಗುವುದರಿಂದಲೂ ಈ ಯಂತ್ರವು ಮಿತವಾಗಿ ಎಣ್ಣೆಯನ್ನು ಬಳಸುತ್ತದೆ. ಇದಲ್ಲದೆ ಒಂದು ಲೀಟರ್ ಡೀಸೆಲಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ನೂರಕ್ಕೆ ಹತ್ತಕ್ಕೂ ಮಿಗಿಲಾದಷ್ಟು ಶಕ್ತಿಯು ಹೆಚ್ಚಾಗಿದೆ.

ಯಂತ್ರದ ಬಲವನ್ನು ಎರಡು ವಿಧವಾಗಿ ಹೇಳುವ ವಾಡಿಕೆಯುಂಟು. ತಿರುಗಿಸುವ ಬಲವನ್ನು ಟಾರ್ಕ್ ಎಂದೂ, ಕೆಲಸ ಮಾಡುವ ವೇಗವನ್ನು ಅಶ್ವಶಕ್ತಿ ಎಂದೂ ಕರೆಯುತ್ತಾರೆ. ನಿಂತ ಗಾಡಿಯನ್ನು ಭಾರಸಹಿತವಾಗಿ ಕದಲಿಸುವುದಕ್ಕೆ ಬೇಕಾದದ್ದು ಟಾರ್ಕು. ಏರಿನಲ್ಲಿ ವೇಗ ತಗ್ಗದಂತೆ ಸಾಗುವುದಕ್ಕೆ ಬೇಕಾದದ್ದು ಅಶ್ವಶಕ್ತಿ. ಡೀಸೆಲ್ ಯಂತ್ರವು ನಿಧಾನವಾಗಿ ತಿರುಗುವಾಗಲೇ ಹೆಚ್ಚು ಟಾರ್ಕನ್ನು ಕೊಡುವುದರಿಂದ ಭಾರ ಸಾಗಿಸುವ ಕೆಲಸಕ್ಕೆ ಅದು ಒಗ್ಗಿದೆ.

ಅಮೆರಿಕದ ಮೂರು ಗಾಡಿಗಳ ಹೋಲಿಕೆ

ಪಿಕಪ್ ಗಾಡಿಯ ಹಿಂದೆ ಟ್ರೇಲರು ಕಟ್ಟಿ ದನಕರು, ಹುಲ್ಲು, ಯಂತ್ರೋಪಕರಣಗಳನ್ನು ಎಳೆಯುವ ಪದ್ಧತಿಯು ಅಮೆರಿಕ ಸಂಯುಕ್ತ ಸಂಸ್ಥಾನದ ರೈತರಲ್ಲಿ ಬಹಳವಾಗಿ ರೂಢಿಯಲ್ಲಿದೆ. ಅಲ್ಲಿ ಎಳೆಯುವ ಬಲವನ್ನು ಗೊತ್ತುಮಾಡುವುದಕ್ಕೆ ಜೆ 2807 ಎಂಬ ಒಂದು ಪರೀಕ್ಷಾಕ್ರಮವಿದೆ. ಅರಿಜೋನಾ ಪ್ರಾಂತ್ಯದ ಡೇವಿಸ್ ಅಣೆಕಟ್ಟಿನ ಬಳಿಯಿಂದ ಏರುವ ಸುಮಾರು 18 ಕಿಲೋಮೀಟರ್ ಉದ್ದದ ದಾರಿಯೇ ಇದರಲ್ಲಿ ಮುಖ್ಯವಾದ ಒರೆಗಲ್ಲು. ಸುಮಾರು 38 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ, ತಂಪು ಹವೆಯ ಯಂತ್ರವನ್ನೂ ನಡೆಯಿಸುತ್ತಾ, ಹಿಂದೆ ಒಂಟಿ ಚಕ್ರಗಳಿರುವ ಗಾಡಿಯು ಗಂಟೆಗೆ 64 ಕಿಲೋಮೀಟರಿಗೆ ಕಡಿಮೆಯಾಗದ ವೇಗದಲ್ಲಿ ಭಾರವನ್ನು ಎಳೆದು ಮೇಲಕ್ಕೆ ಮುಟ್ಟಿಸಬೇಕು. ಎಣ್ಣೆಯ ಖರ್ಚನ್ನಾದರೋ ಅಲ್ಲಿಯ ಸರಕಾರದ ಪರಿಸರ ಸಂರಕ್ಷಣಾ ಇಲಾಖೆಯ ಕ್ರಮದಂತೆ ಅಳೆದು ಪ್ರಕಟಿಸುತ್ತಾರೆ. ಆದರೆ ಸರ್ವಭಾರವು ಸುಮಾರು 3,856 ಕಿಲೋಗೆ ಮೀರಿದ ದೊಡ್ಡ ಪಿಕಪ್‌ಗಳಿಗೆ ಈ ಲೆಕ್ಕವನ್ನು ಪ್ರಕಟಿಸಬೇಕೆಂಬ ನಿರ್ಬಂಧವಿಲ್ಲ. ಆದ್ದರಿಂದ ಹೋಲಿಕೆಗೆ ದೊರೆಯುವುದು ಹಗುರ ತರಗತಿಯ ಗಾಡಿಗಳು ಮಾತ್ರ.

ಈ ತರಗತಿಯಲ್ಲಿ 3 ಲೀಟರ್ ಗಾತ್ರದ ಡೀಸೆಲ್ ಯಂತ್ರವುಳ್ಳ ಮೂರು ಗಾಡಿಗಳ ವಿವರವು, ಅಲ್ಲಿಯ ಅಳತೆಗಳನ್ನು ನಮ್ಮ ಅಳತೆಗೆ ತಿರುಗಿಸಿದಲ್ಲಿ, ಈ ರೀತಿಯಾಗಿದೆ. ಎಣ್ಣೆಯ ಲೆಕ್ಕವು ಎರಡು ಚಕ್ರಗಳಿಗೆ ಮಾತ್ರ ಬಲವನ್ನು ಕೊಡುವ ಗಾಡಿಗಳದು. ಟ್ರೇಲರು ಕಟ್ಟದೆ ಅಳೆದದ್ದು.

ಫೋರ್ಡ್ ಎಫ್-150 (2018): 250 ಅಶ್ವಶಕ್ತಿ, ಟಾರ್ಕ್ 597 ನ್ಯೂಟನ್ ಮೀಟರ್, ಲೀಟರಿಗೆ ಊರೊಳಗೆ 9.4, ಹೆದ್ದಾರಿಯಲ್ಲಿ 12.8 ಕಿಲೋಮೀಟರ್, ಎಳೆಯುವ ಪರಮಾವಧಿ ಭಾರ 5,171 ಕಿಲೋ.

ರಾಮ್ 1500 (2020): 260 ಅಶ್ವಶಕ್ತಿ, ಟಾರ್ಕ್ 651, ಊರೊಳಗೆ 9.4, ಹೆದ್ದಾರಿಯಲ್ಲಿ 13.6; ಪರಮಾವಧಿ ಭಾರ 5,697 ಕಿಲೋ.

ಷೆವರ್ಲೆ ಸಿಲ್ವರಾಡೊ 1500 (2020): 277 ಅಶ್ವಶಕ್ತಿ, ಟಾರ್ಕ್ 624, ಊರೊಳಗೆ 9.8, ಹೆದ್ದಾರಿಯಲ್ಲಿ 14.0, ಪರಮಾವಧಿ ಭಾರ 4,218 ಕಿಲೋ.

ಈ ಅಂಕಿಗಳನ್ನು ಸಾವಧಾನವಾಗಿ ನೋಡಿದರೆ ಒಂದು ವಿಶೇಷವು ಗೋಚರವಾಗುತ್ತದೆ. ಅಶ್ವಶಕ್ತಿಯಲ್ಲಿ ಮೊದಲನೆಯದೂ, ಎಣ್ಣೆಯ ಮಿತವ್ಯಯದಲ್ಲಿ ಮೊದಲನೆಯದೂ ಆದ ಸಿಲ್ವರಾಡೊ ಗಾಡಿಯು ಎಳೆಯುವುದರಲ್ಲಿ ಕಡೆಯದಾಗಿದೆ. ಟಾರ್ಕಿನಲ್ಲಿ ಕಡೆಯದಾದ ಫೋರ್ಡ್ ಗಾಡಿಯು ಅದಕ್ಕಿಂತ ಸುಮಾರು ಒಂದು ಟನ್ನಿನಷ್ಟು ಹೆಚ್ಚು ಭಾರವನ್ನು ಎಳೆಯಬಲ್ಲದೆಂದು ಗೊತ್ತಾಗಿದೆ. ಆದುದರಿಂದ ಯಂತ್ರದ ಬಲ ಒಂದನ್ನೇ ನೋಡಿ ಗಾಡಿಯ ಬಲವನ್ನು ನಿಶ್ಚಯಿಸಲಾಗದು. ಚಾಸಿಯ ಗಟ್ಟಿತನ, ಹಿಂದಿನ ಅಚ್ಚಿನ ಹಲ್ಲುಗಳ ಪ್ರಮಾಣ, ಬಿಲ್ಲುಪಟ್ಟಿಗಳು, ನೀರನ್ನು ತಣಿಸುವ ರೇಡಿಯೇಟರು, ಬ್ರೇಕುಗಳು ಇವೆಲ್ಲವೂ ಸೇರಿಯೇ ಎಳೆಯುವ ಬಲವಾಗುತ್ತದೆ. ಇದಕ್ಕೆ ಪ್ರಮಾಣವೂ ಉಂಟು. ಅದೇ ಸಿಲ್ವರಾಡೊ ಗಾಡಿಯ ಪರಮಾವಧಿ ಭಾರವನ್ನು 2022ರಲ್ಲಿ ಸುಮಾರು 6,033 ಕಿಲೋಗೆ ಏರಿಸಿದರು. ಯಂತ್ರದ ಅಶ್ವಶಕ್ತಿಯು ಆಗ ಹೆಚ್ಚಲಿಲ್ಲ. ಭಾರ ಎಳೆಯುವುದಕ್ಕೆಂದೇ ಬೇರೆ ಸಲಕರಣೆಗಳನ್ನು ಜೋಡಿಸಿಕೊಟ್ಟರು.

ಮತ್ತೊಂದು ಎಚ್ಚರಿಕೆಯೂ ಇದೆ. ಪರಮಾವಧಿ ಭಾರವನ್ನು ಹೇಳುವುದು ವಿಶೇಷ ಸಲಕರಣೆಗಳನ್ನು ತೊಡಿಸಿದ ಗಾಡಿಗೆ. ಅತಿ ಹೆಚ್ಚಿನ ಕಿಲೋಮೀಟರನ್ನು ಹೇಳುವುದು ಹಗುರವಾದ ಗಾಡಿಗೆ. ಎರಡು ಹೊಗಳಿಕೆಗಳೂ ಒಂದೇ ಗಾಡಿಗೆ ಸಲ್ಲುವುವೆಂದು ತಿಳಿಯಬಾರದು. ಭಾರಿ ಟ್ರೇಲರನ್ನು ಕಟ್ಟಿ ಎಳೆದಾಗ ಲೀಟರಿಗೆ ಸಾಗುವ ದೂರವು ಅರ್ಧಕ್ಕೆ ಇಳಿಯುವುದೂ ಅಪೂರ್ವವಲ್ಲ. ಮೇಲ್ಕಂಡ ಮೂರರಲ್ಲಿ ಫೋರ್ಡ್ ಸಂಸ್ಥೆಯು ತನ್ನ ಈ ಡೀಸೆಲ್ ಯಂತ್ರವನ್ನು 2021ರಲ್ಲಿಯೂ, ರಾಮ್ ಸಂಸ್ಥೆಯು 2023ರಲ್ಲಿಯೂ ನಿಲ್ಲಿಸಿಬಿಟ್ಟುವು.

ದಾರಿಯೂ ಭಾರವೂ

ಎತ್ತುಗಳನ್ನು ಹೊಡೆದು ಬಲ್ಲವನಿಗೆ ಈ ಶಾಸ್ತ್ರವು ಹೊಸದಲ್ಲ. ಒಳ್ಳೆಯ ಟಾರು ರಸ್ತೆಯ ಸಮತಟ್ಟಿನಲ್ಲಿ ಒಂದು ಟನ್ ಭಾರವನ್ನು ನಿಧಾನವಾಗಿ ಎಳೆಯುವುದಕ್ಕೆ ಸುಮಾರು 10ರಿಂದ 15 ಕಿಲೋ ಎಳೆತವು ಸಾಕು. ಮೆತ್ತನೆಯ ಹೊಲದ ಮಣ್ಣಿನಲ್ಲಿ ಅದೇ ಟನ್ನಿಗೆ 100 ಕಿಲೋವರೆಗೂ ಬೇಕಾಗಬಹುದು. ಹತ್ತು ಅಡಿ ಹೋದರೆ ಒಂದು ಅಡಿ ಏರುವ ದಿಣ್ಣೆಯಲ್ಲಿ, ಟನ್ನಿಗೆ ಸುಮಾರು 100 ಕಿಲೋ ಎಳೆತವು ಏರಿಗೇ ಹೆಚ್ಚಾಗಿ ಬೇಕು. ಮಾಲೂ ಸೇರಿ 3 ಟನ್ ತೂಗುವ ಪಿಕಪ್ ಗಾಡಿಯು ಸಮತಟ್ಟಿನಲ್ಲಿ 45 ಕಿಲೋ ಎಳೆತದಿಂದ ಸಾಗುತ್ತಿದ್ದುದು, ಅಂತಹ ಏರಿನಲ್ಲಿ ಸುಮಾರು 345 ಕಿಲೋ ಎಳೆತವನ್ನು ಬೇಡುತ್ತದೆ. ಇದರ ಮೇಲೆ ಅರ್ಧ ಟನ್ ಹೆಚ್ಚಾಗಿ ಹೇರಿದರೆ ಇನ್ನೂ 57 ಕಿಲೋಗೂ ಮೇಲೆ ಬೇಕು. ಏರುವಾಗ ಇದು ಎಣ್ಣೆಯ ನಷ್ಟ. ಇಳಿಯುವಾಗ ಅದೇ ಭಾರವು ಬ್ರೇಕುಗಳ ಮೇಲೆ ಬೀಳುವುದರಿಂದ ಪ್ರಾಣಕ್ಕೇ ಅಪಾಯ.

ಗಾಳಿಯ ತಡೆಯಾದರೋ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 60 ಕಿಲೋಮೀಟರಿನಿಂದ 80ಕ್ಕೆ ವೇಗವನ್ನು ಏರಿಸಿದರೆ ಗಾಳಿಯ ತಡೆಯು ಒಂದೂ ಮುಕ್ಕಾಲು ಪಟ್ಟು ಮೀರುತ್ತದೆ. ಮಾಲನ್ನು ಕ್ಯಾಬಿನ್ನಿಗಿಂತ ಎತ್ತರವಾಗಿ ಪೇರಿಸಿದಲ್ಲಿ ಈ ತಡೆಯು ಮತ್ತಷ್ಟು ಹೆಚ್ಚುತ್ತದೆ.

ನಮ್ಮ ರೈತನ ಲೆಕ್ಕ

ನಮ್ಮಲ್ಲಿ ಪಿಕಪ್ ಗಾಡಿಯು ಟ್ರೇಲರನ್ನು ಎಳೆಯುವುದಕ್ಕಿಂತ ಮಾಲನ್ನು ಹೊರುವುದಕ್ಕೇ ಉಪಯೋಗವಾಗುತ್ತದೆ. ಟ್ರೇಲರು ಎಳೆಯುವ ಕೆಲಸವು ಟ್ರಾಕ್ಟರಿನದು. ಮಹೀಂದ್ರ ಬೊಲೆರೊ ಪಿಕಪ್ ಗಾಡಿಗಳು 1.3ರಿಂದ 1.7 ಟನ್ ಹೊರುವ ಮಾದರಿಗಳಲ್ಲಿ ಬಂದಿವೆ. 2022ರಲ್ಲಿ ಬಂದ ಟಾಟಾ ಯೋಧ 2.0 ಗಾಡಿಗೆ 2 ಟನ್ ಗೊತ್ತಾಗಿದೆ. ಆದುದರಿಂದ ನಮ್ಮ ರೈತನು ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಕೇಳುವುದಕ್ಕಿಂತ, ಒಂದು ಲೀಟರಿನಲ್ಲಿ ಎಷ್ಟು ಮಾಲು ಎಷ್ಟು ದೂರ ಸಾಗಿತೆಂದು ಕೇಳುವುದು ಮೇಲು.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. 15 ಕಿಲೋ ತೂಕದ ಟೊಮೆಟೊ ಪೆಟ್ಟಿಗೆಗಳು 100 ಇವೆ; ಮಾರುಕಟ್ಟೆಯು 60 ಕಿಲೋಮೀಟರ್ ದೂರದಲ್ಲಿದೆ. ಲೀಟರಿಗೆ 12 ಕಿಲೋಮೀಟರ್ ಸಾಗುವ ಒಂದೂವರೆ ಟನ್ನಿನ ಗಾಡಿಯು ಒಂದೇ ಸಲಕ್ಕೆ ಮಾಲನ್ನು ಮುಟ್ಟಿಸಿ ಹಿಂದಿರುಗುವುದಕ್ಕೆ 10 ಲೀಟರ್ ಎಣ್ಣೆ ಬೇಕು. ಲೀಟರಿಗೆ 18 ಕಿಲೋಮೀಟರ್ ಸಾಗುವ, ಮುಕ್ಕಾಲು ಟನ್ ಹೊರುವ ಸಣ್ಣ ಗಾಡಿಯು ಎರಡು ಸಲ ಹೋಗಿ ಬರಬೇಕಾದ್ದರಿಂದ 240 ಕಿಲೋಮೀಟರಿಗೆ 13 ಲೀಟರಿಗೂ ಮೇಲಾಗುತ್ತದೆ. ಇದಲ್ಲದೆ ಎರಡನೆಯ ಸಲದ ಮಾಲು ಹರಾಜು ಮುಗಿದ ಮೇಲೆ ಪೇಟೆಯನ್ನು ಸೇರಿದರೆ ಆಗುವ ನಷ್ಟವನ್ನು ಲೀಟರಿನಲ್ಲಿ ಅಳೆಯುವಂತಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ವರ್ಷದ ಬಹುಪಾಲು ದಿನಗಳಲ್ಲಿ 40 ಪೆಟ್ಟಿಗೆ ಮಾತ್ರ ಸಾಗಿಸುವವನಿಗೆ ಸಣ್ಣ ಗಾಡಿಯು 7 ಲೀಟರಿನೊಳಗೆ ಕೆಲಸವನ್ನು ಮುಗಿಸುತ್ತದೆ. ದೊಡ್ಡ ಗಾಡಿಯು ಅರ್ಧ ಖಾಲಿಯಾಗಿ ಹೋದರೂ 9 ಲೀಟರಿಗೆ ಕಡಿಮೆಯಾಗುವುದು ಕಷ್ಟ. ಹೀಗಾಗಿ ಕೊಳ್ಳುವ ಮೊದಲು ಹಿಂದಿನ ವರ್ಷದ ಮಾರಾಟದ ಚೀಟಿಗಳನ್ನು ತೆಗೆದು, ಎಷ್ಟು ದಿನ ಎಷ್ಟು ಮಾಲು ಸಾಗಿತೆಂದು ಎಣಿಸತಕ್ಕದ್ದು. ಸುಗ್ಗಿಯ ಹದಿನೈದು ದಿನಕ್ಕೆಂದು ದೊಡ್ಡ ಗಾಡಿಯನ್ನು ಕೊಂಡು ವರ್ಷವೆಲ್ಲಾ ಕಂತು ಕಟ್ಟುವುದಕ್ಕಿಂತ, ಆ ಕೆಲವು ದಿನಕ್ಕೆ ಬಾಡಿಗೆ ಗಾಡಿಯನ್ನು ಹಿಡಿಯುವುದು ಅಥವಾ ನಾಲ್ಕಾರು ರೈತರು ಕೂಡಿ ಒಂದು ಗಾಡಿಯನ್ನು ಇಟ್ಟುಕೊಳ್ಳುವುದು ಲಾಭಕರ.

ಎಣ್ಣೆಯನ್ನು ಅಳೆಯುವ ಕ್ರಮ

ಮಾರುವವನ ಮಾತನ್ನಾಗಲಿ, ಗಾಡಿಯ ಗಾಜಿನ ಮೇಲೆ ತೋರುವ ಅಂಕಿಯನ್ನಾಗಲಿ ಪೂರ್ತಿಯಾಗಿ ನಂಬಬೇಕಾಗಿಲ್ಲ. ಟ್ಯಾಂಕನ್ನು ಬಂಕಿನ ಪಂಪು ತಾನಾಗಿ ನಿಲ್ಲುವವರೆಗೆ ತುಂಬಿಸಿ, ಮೀಟರಿನ ಕಿಲೋಮೀಟರನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಮತ್ತೆ ತುಂಬಿಸುವಾಗ ಅದೇ ಬಂಕಿನಲ್ಲಿ, ಅದೇ ರೀತಿಯಲ್ಲಿ ತುಂಬಿಸಿ, ಹಿಡಿದ ಲೀಟರಿನಿಂದ ಸಾಗಿದ ದೂರವನ್ನು ಭಾಗಿಸಬೇಕು. ಒಂದು ಸಲದ ಲೆಕ್ಕವು ಮೋಸಗೊಳಿಸಬಹುದಾದ್ದರಿಂದ ಮೂರು ಸಲವಾದರೂ ಹೀಗೆ ಮಾಡಿ ಸರಾಸರಿ ತೆಗೆಯತಕ್ಕದ್ದು. ಪುಸ್ತಕದಲ್ಲಿ ತಾರೀಖು, ಕಿಲೋಮೀಟರ್, ಲೀಟರ್, ಹೇರಿದ ಮಾಲಿನ ತೂಕ ಎಂಬ ನಾಲ್ಕು ಕಲಮುಗಳಿದ್ದರೆ ಸಾಕು. ಲೀಟರಿನ ದೂರವು ಕಾರಣವಿಲ್ಲದೆ ತಗ್ಗುತ್ತಾ ಬಂದರೆ, ಟೈರಿನ ಗಾಳಿ, ಗಾಳಿಯ ಶೋಧಕ, ಹಿಡಿದುಕೊಂಡಿರುವ ಬ್ರೇಕು ಇವುಗಳನ್ನು ಮೊದಲು ಪರೀಕ್ಷಿಸಬೇಕು.

2020ನೆಯ ಇಸವಿ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದಂತೆ ತಯಾರಾದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿಯನ್ನು ಹಿಡಿಯುವ ಶೋಧಕವಿರುತ್ತದೆ. ಈ ಮಸಿಯು ಯಂತ್ರವು ಚೆನ್ನಾಗಿ ಕಾದು ಓಡುವಾಗ ಉರಿದುಹೋಗುತ್ತದೆ. ತೋಟದಿಂದ ಮನೆಗೆ, ಮನೆಯಿಂದ ಅಂಗಡಿಗೆ ಎಂದು ಸಣ್ಣ ಸಣ್ಣ ಓಟಗಳಿಗೇ ಬಳಸಿದರೆ ಶೋಧಕವು ಕಟ್ಟಿಕೊಂಡು, ಎಣ್ಣೆಯೂ ಹೆಚ್ಚು ಹಿಡಿದು, ಬಲವೂ ಕುಂದುತ್ತದೆ. ಸೀಮೆಎಣ್ಣೆಯನ್ನು ಬೆರಸಿದ ಡೀಸೆಲಿನಿಂದ ಇಂಜೆಕ್ಟರುಗಳು ಕೆಡುತ್ತವೆ. ಹತ್ತು ರೂಪಾಯಿಯ ಆಸೆಗೆ ಹತ್ತಾರು ಸಾವಿರದ ದುರಸ್ತಿಯನ್ನು ತಂದುಕೊಳ್ಳಬಾರದು.

ಮಿತಿಮೀರಿದ ಭಾರ

ಗಾಡಿಯ ನೋಂದಣಿ ಪತ್ರದಲ್ಲಿ ಖಾಲಿ ತೂಕವೂ, ಮಾಲುಸಹಿತವಾದ ಸರ್ವಭಾರವೂ ನಮೂದಾಗಿರುತ್ತವೆ. ಎರಡರ ವ್ಯತ್ಯಾಸದಲ್ಲಿ ಗಾಡಿಯಲ್ಲಿ ಕುಳಿತವರ ತೂಕವೂ ಸೇರಿರುವುದನ್ನು ಮರೆಯಬಾರದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಕಾಯಿದೆಯು ಮಿತಿಮೀರಿ ಹೇರಿದವರಿಗೆ 20,000 ರೂಪಾಯಿ ದಂಡವನ್ನೂ, ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿಯನ್ನೂ ವಿಧಿಸುತ್ತದೆ. ಹೆಚ್ಚಿನ ಮಾಲನ್ನು ಇಳಿಸಿಯೇ ಗಾಡಿಯನ್ನು ಮುಂದಕ್ಕೆ ಬಿಡುವುದರಿಂದ, ಟೊಮೆಟೊವಿನಂತಹ ಮಾಲು ದಾರಿಯಲ್ಲೇ ಹಾಳಾಗುವುದೂ ಉಂಟು. ಅತಿಯಾಸೆ ಗತಿಕೇಡು ಎಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಶಿರಾಡಿ, ಚಾರ್ಮಾಡಿ ಮುಂತಾದ ಘಟ್ಟಗಳನ್ನು ಇಳಿಯುವವರು, ಏರುವುದಕ್ಕೆ ಬೇಕಾಗುವ ಗೇರಿನಲ್ಲಿಯೇ ಇಳಿಯಬೇಕು. ಎಣ್ಣೆ ಉಳಿಸುವೆನೆಂದು ಗೇರನ್ನು ತಪ್ಪಿಸಿ ಇಳಿಜಾರಿನಲ್ಲಿ ಬಿಡುವುದು ದೊಡ್ಡ ತಪ್ಪು. ಗೇರಿನಲ್ಲಿ ಇಳಿಯುವಾಗ ಇಂದಿನ ಡೀಸೆಲ್ ಯಂತ್ರವು ಕಾಲನ್ನು ತೆಗೆದ ಕೂಡಲೆ ಎಣ್ಣೆಯನ್ನು ತಾನೇ ನಿಲ್ಲಿಸುತ್ತದೆ. ಯಂತ್ರವೇ ಬ್ರೇಕಿನಂತೆ ಗಾಡಿಯನ್ನು ಹಿಡಿಯುತ್ತದೆ. ಗೇರನ್ನು ತಪ್ಪಿಸಿದರೆ ಎಣ್ಣೆಯೂ ಉಳಿಯುವುದಿಲ್ಲ, ಬ್ರೇಕುಗಳು ಕಾದು ಹಿಡಿತವನ್ನೇ ಕಳೆದುಕೊಳ್ಳುತ್ತವೆ. ಟ್ರಾಕ್ಟರಿಗೆ ಟ್ರೇಲರು ಕಟ್ಟುವವರು ಟ್ರೇಲರಿಗೆ ಬ್ರೇಕು ಇದೆಯೇ, ಹಿಂದೆ ಕೆಂಪು ದೀಪವೂ ಹೊಳೆಯುವ ಪಟ್ಟಿಯೂ ಇವೆಯೇ ಎಂದು ಹೊರಡುವ ಮೊದಲು ನೋಡತಕ್ಕದ್ದು. ಕತ್ತಲೆಯಲ್ಲಿ ಕಬ್ಬಿನ ಹೊರೆಯ ಹಿಂಬದಿಯು ಬರುವವರಿಗೆ ಕಾಣುವುದೇ ಇಲ್ಲ.

ಗಾಡಿಯನ್ನು ಕೊಳ್ಳುವವರು ತಮ್ಮ ಮಾಲಿನ ತೂಕ, ತಮ್ಮ ದಾರಿಯ ಏರು, ತಮ್ಮ ಪೇಟೆಯ ದೂರ ಈ ಮೂರನ್ನು ಬರೆದುಕೊಂಡೇ ಅಂಗಡಿಗೆ ಹೋಗುವುದು ಉತ್ತಮ. ಸಾಧ್ಯವಾದರೆ ಗೊತ್ತಾದ ಭಾರವನ್ನು ಹೇರಿ, ತಮ್ಮ ಊರಿನ ದಿಣ್ಣೆಯನ್ನೇ ಹತ್ತಿಸಿ ನೋಡಬೇಕು. ಗ್ರಾಮದ ಮುಖಂಡರು ಈಗಾಗಲೇ ಗಾಡಿಯುಳ್ಳವರಿಂದ ಮೇಲೆ ಹೇಳಿದ ನಾಲ್ಕು ಕಲಮುಗಳ ಪುಸ್ತಕವನ್ನು ಇಡಿಸಿದರೆ, ಒಂದು ವರ್ಷದೊಳಗೆ ಆ ಊರಿನ ದಾರಿಗೆ ಯಾವ ಗಾಡಿಯು ತಕ್ಕದ್ದೆಂಬುದು ಊರಿನವರಿಗೇ ತಿಳಿದುಬರುತ್ತದೆ. ಮುಂದೆ ಸಾಲ ಮಾಡಿ ಕೊಳ್ಳುವವರಿಗೆ ಅದಕ್ಕಿಂತ ನಂಬತಕ್ಕ ಸಲಹೆಯು ಬೇರೆ ದೊರೆಯಲಾರದು.