ಲಂಡನ್ನಿನಿಂದ ಹೇಸ್ಟಿಂಗ್ಸಿಗೆ

1851ರಲ್ಲಿ ಲಂಡನ್ ನಗರದಲ್ಲಿ ಮಹಾಪ್ರದರ್ಶನವು ನಡೆಯುತ್ತಿರಲು, ದೇಶದೇಶಗಳ ಜನರು ನೆರೆಯುವ ಆ ಸುಸಂಧಿಯನ್ನು ಕಳೆದುಕೊಳ್ಳಬಾರದೆಂದು ಬಗೆದ ಹೊವಾರ್ಡ್ ಸ್ಟಾಂಟನ್ ಎಂಬ ಆಂಗ್ಲ ಚದುರಂಗಪಟುವು 16 ಮಂದಿ ಆಟಗಾರರನ್ನು ಕಲೆಹಾಕಿ ಪ್ರಥಮ ಅಂತರರಾಷ್ಟ್ರೀಯ ಪಂದ್ಯಾವಳಿಯನ್ನು ಏರ್ಪಡಿಸಿದನು. ಸೋತವನು ಪ್ರಶಸ್ತಿಯ ಆಸೆಯನ್ನು ಬಿಡಬೇಕೆಂಬ ನಿಯಮದಿಂದಾಗಿ, ಪ್ಯಾರಿಸ್ಸಿನಿಂದ ಬಂದಿದ್ದ ಕೀಸೆರಿಟ್‌ಸ್ಕಿಯಂಥ ಪ್ರಬಲನೂ ಮೊದಲ ಸುತ್ತಿನಲ್ಲಿಯೇ ಹೊರಬಿದ್ದನು. ಗಡಿಯಾರದ ಕಟ್ಟಳೆಯಿಲ್ಲದುದರಿಂದ ಒಂದೊಂದು ನಡೆಗೂ ಧ್ಯಾನಸ್ಥರಾಗಿ ಕುಳಿತುಬಿಡುವವರಿದ್ದರು. ಸ್ಟಾಂಟನ್ನನು ತಾನೇ ಹೂಡಿದ ಕೂಟದಲ್ಲಿ ನಾಲ್ಕನೆಯವನಾದುದು ವಿಧಿಯ ವಿನೋದವೇ ಸರಿ. ಗೆದ್ದವನು ಬ್ರೆಸ್ಲಾವಿನ ಗಣಿತೋಪಾಧ್ಯಾಯ ಆಡಾಲ್ಫ್ ಆಂಡರ್ಸನ್.

ಅದೇ ದಿನಗಳಲ್ಲಿ, ಪಂದ್ಯಾವಳಿಯ ಹೊರಗೆ, ಕೇವಲ ವಿನೋದಾರ್ಥವಾಗಿ ಕೀಸೆರಿಟ್‌ಸ್ಕಿಯೊಡನೆ ಆಡಿದ ಆಟವೊಂದರಲ್ಲಿ ಆಂಡರ್ಸನ್ನನು ಒಂದು ಒಂಟೆಯನ್ನೂ ಎರಡು ಆನೆಗಳನ್ನೂ ಕಡೆಗೆ ರಾಣಿಯನ್ನೂ ಬಲಿಗೊಟ್ಟು, ಉಳಿದ ಎರಡು ಕುದುರೆ, ಒಂದು ಒಂಟೆಗಳಿಂದಲೇ ಎದುರಾಳಿಯ ರಾಜನಿಗೆ ದಿಕ್ಕುಗಾಣದಂತೆ ಮಾಡಿದನು. ಪಂದ್ಯಾವಳಿಯ ಆಟಗಳನ್ನು ಮರೆತ ಲೋಕವು ಇದನ್ನು ‘ಅಮರ’ವೆಂದು ಕರೆಯಿತು.

ಈ ಬಗೆಯ ಸಾಹಸಕ್ಕೆ ಶಾಸ್ತ್ರದ ಅಂಕುಶವಿಟ್ಟವನು ವಿಲ್ಹೆಲ್ಮ್ ಸ್ಟೈನಿಟ್ಜ್. ಶತ್ರುವಿನ ಒಂದು ದುರ್ಬಲ ಪದಾತಿ, ಆನೆಗೆ ತೆರವಾದ ಒಂದು ಸಾಲು, ಕುದುರೆಗೆ ಭದ್ರವಾದ ಒಂದು ಮನೆ, ಇಂಥ ಅಲ್ಪಲಾಭಗಳು ಸಂಚಯಗೊಂಡ ಬಳಿಕವೇ ಆಕ್ರಮಣವು ನ್ಯಾಯವಾದುದೆಂಬುದು ಅವನ ಸಿದ್ಧಾಂತ. ಸಪ್ಪೆಯೆಂದು ತೋರಿದರೂ ಇದೇ ನಿಜವಾದ ವಿವೇಕವೆಂದು ನನ್ನ ಎಣಿಕೆ. 1895ರ ಹೇಸ್ಟಿಂಗ್ಸ್ ಕೂಟದಲ್ಲಿ ಅಗ್ರಸ್ಥಾನವು 22 ವರ್ಷದ ಪಿಲ್ಸ್‌ಬರಿಗೆ ಸಂದಿತಾದರೂ, 59ರ ಸ್ಟೈನಿಟ್ಜನು ಬಾರ್ಡೆಲೆಬೆನ್ನನ ಮೇಲೆ ನಡೆಸಿದ ದಾಳಿಯು ಅವಿಸ್ಮರಣೀಯವಾಯಿತು. ಸೋಲನ್ನು ಬಾಯ್ಬಿಟ್ಟು ಒಪ್ಪದೆ ಎದುರಾಳಿಯು ಸಭಾಂಗಣದಿಂದ ಹೊರನಡೆಯಲು, ಸ್ಟೈನಿಟ್ಜನು ಮುಂದಿನ ಗೆಲುವಿನ ನಡೆಗಳನ್ನು ನೆರೆದವರಿಗೆ ತೋರಿಸಿಕೊಟ್ಟನು.