ನಿಮಗಿದು ಗೊತ್ತೇ? ಹೊಳೆಯುವುದೆಲ್ಲ ಗಡ್ಡೆಯಲ್ಲ!

◆ ಹೊಲದ ಗೋವಿನಜೋಳದ ಗರಿಗೆ ಹಸಿರು, ನಮ್ಮ ನೆತ್ತರಿಗೆ ಕೆಂಪು. ಎರಡು ಬಣ್ಣಕ್ಕೂ ಮೂಲ ಸರಕು ಒಂದೇ: ಅಮೈನೊಲೆವ್ಯುಲಿನಿಕ್ ಆಮ್ಲ. ವೈದ್ಯರ ಬಾಯಲ್ಲಿ 5-ಎಎಲ್‌ಎ. ಮಿದುಳುಗಡ್ಡೆಯ ಆಪರೇಷನ್‌ಗೆ ಸುಮಾರು 3 ತಾಸು ಮೊದಲು ಇದನ್ನು ನೀರಲ್ಲಿ ಕದಡಿ ರೋಗಿಗೆ ಕುಡಿಸುತ್ತಾರೆ. ಕಿಲೋ ತೂಕಕ್ಕೆ 20 ಮಿಲಿಗ್ರಾಂ; 60 ಕಿಲೋ ತೂಗುವವರಿಗೆ 1.2 ಗ್ರಾಂ.

◆ ಕುಡಿದದ್ದು ಜೀವಕೋಶದೊಳಗೆ ಪೋರ್ಫಿರಿನ್ ಎಂಬ ವಸ್ತುವಾಗುತ್ತದೆ. ಅದಕ್ಕೆ ಕಬ್ಬಿಣ ಕೂಡಿದರೆ ರಕ್ತದ ಹೀಮ್ ತಯಾರು. ಗಡ್ಡೆಯ ಕೋಶಗಳಲ್ಲಿ ಈ ಕಬ್ಬಿಣ ಕೂಡಿಸುವ ಕೆಲಸವೇ ಕುಂಟುತ್ತದೆ. ಪೋರ್ಫಿರಿನ್ ಅಲ್ಲೇ ಮಡುಗಟ್ಟುತ್ತದೆ. ಥಿಯೇಟರಿನ ದೀಪ ತಗ್ಗಿಸಿ ಮೈಕ್ರೋಸ್ಕೋಪಿನಿಂದ ನೀಲಿ ಬೆಳಕು ಬಿಟ್ಟರೆ ಗಡ್ಡೆ ಕೆಂಪಗೆ ಹೊಳೆಯುತ್ತದೆ, ಸುತ್ತಲಿನ ಮಿದುಳು ನೀಲಿಯಾಗಿಯೇ ಉಳಿಯುತ್ತದೆ. ಮಾಮೂಲಿ ಬೆಳಕಿನಲ್ಲಿ ಗಡ್ಡೆಯ ಅಂಚು ಎಲ್ಲಿ ಮುಗಿಯಿತು, ಮಿದುಳು ಎಲ್ಲಿ ಶುರುವಾಯಿತು ಎಂದು ಹೇಳುವುದು ನುರಿತವರಿಗೂ ಕಷ್ಟ.

◆ ಫಲವೇನು? ಜರ್ಮನಿಯ ವಾಲ್ಟರ್ ಸ್ಟುಮ್ಮರ್ ತಂಡ 2006ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ. ಮಾಮೂಲಿ ಬೆಳಕಿನಲ್ಲಿ ಗಡ್ಡೆ ಪೂರ್ತಿ ತೆಗೆಯಲಾದದ್ದು ನೂರಕ್ಕೆ 36 ಮಂದಿಗೆ. ನೀಲಿ ಬೆಳಕಿನಲ್ಲಿ 65 ಮಂದಿಗೆ. ಕಾಯಿಲೆ ಮರುಕಳಿಸುವುದೂ ತಡವಾಯಿತು. ಆದರೆ ಒಟ್ಟು ಆಯುಸ್ಸಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ‘ಪವಾಡ’ ಎನ್ನುವ ತಲೆಬರಹಗಳು ನುಂಗಿಬಿಡುವುದು ಈ ಕೊನೆಯ ಮಾತನ್ನೇ.

◆ 5-ಎಎಲ್‌ಎ ಕುಡಿದವರು ಕನಿಷ್ಠ ಒಂದು ಹಗಲು-ರಾತ್ರಿ ಬಿಸಿಲಿಗೆ, ಪ್ರಖರ ದೀಪಕ್ಕೆ ಮೈಯೊಡ್ಡುವಂತಿಲ್ಲ. ಚರ್ಮ ಸುಟ್ಟೀತು!

◆ ಇನ್ನೊಂದು ಬಣ್ಣ ಇಂಡೊಸಯನೈನ್ ಗ್ರೀನ್. ಹುಟ್ಟಿದ್ದು ಫೋಟೋ ಫಿಲ್ಮಿನ ಕೊಡಾಕ್ ಕಂಪನಿಯ ಪ್ರಯೋಗಾಲಯದಲ್ಲಿ. 1950ರ ದಶಕದಿಂದಲೂ ವೈದ್ಯರ ಕೈಯಲ್ಲಿದೆ. ರಕ್ತನಾಳಕ್ಕೆ ಚುಚ್ಚಿದರೆ 3-4 ನಿಮಿಷಕ್ಕೆ ಅರ್ಧ ಖಾಲಿ, ಯಕೃತ್ತು ಪಿತ್ತದ ಜೊತೆ ಹೊರಹಾಕುತ್ತದೆ. ಅದು ಹೊಮ್ಮಿಸುವುದು ಅವಕೆಂಪು ಬೆಳಕು, ಕಣ್ಣಿಗೆ ಕಾಣದು. ಪರದೆಯ ಮೇಲೆ ಝಗಮಗಿಸುವ ಹಸಿರು ಕಂಪ್ಯೂಟರ್ ಬಳಿದದ್ದು!

◆ ಈ ಹಸಿರು ಗಡ್ಡೆಯನ್ನೇ ತೋರಿಸಬೇಕೆಂದಿಲ್ಲ. ಕರುಳು ಕತ್ತರಿಸಿ ಮತ್ತೆ ಹೊಲಿಯುವಾಗ ತುದಿಗಳಿಗೆ ರಕ್ತ ಹರಿಯುತ್ತಿದೆಯೇ ಎಂದು ತಿಳಿಸುತ್ತದೆ. ಸ್ತನ ಕ್ಯಾನ್ಸರ್ ಮೊದಲು ಹರಡಬಹುದಾದ ದುಗ್ಧಗ್ರಂಥಿಯ ದಾರಿಯನ್ನೂ ತೋರಿಸುತ್ತದೆ.

◆ ಬಾಯಿಯಲ್ಲಂತೂ ಲೆಕ್ಕ ಉಲ್ಟಾ. ಯಾವ ಬಣ್ಣವನ್ನೂ ಹಾಕದೆ ನೀಲಿ ಬೆಳಕು ಬಿಟ್ಟರೆ ಹೊಳೆಯುವುದು ಆರೋಗ್ಯವಾಗಿರುವ ಭಾಗ, ಮಂದ ಹಸಿರಾಗಿ. ಅನುಮಾನದ ಜಾಗ ಕಪ್ಪು. ಊದಿಕೊಂಡ ಜಾಗವೂ ಕಪ್ಪಾಗಿ ಕಾಣಬಹುದು, ಹಾಗಾಗಿ ಬಯಾಪ್ಸಿ ತಪ್ಪಿದ್ದಲ್ಲ. ನಮ್ಮ ಮಣಿಪಾಲದಲ್ಲೇ ವಿ.ಬಿ. ಕರ್ತಾ ಮತ್ತು ಸಂಗಡಿಗರು ಬಾಯಿಯ ಊತಕದ ಈ ಸ್ವಂತ ಹೊಳಪನ್ನು ಲೇಸರಿನಿಂದ ಅಳೆದು, ಕ್ಯಾನ್ಸರ್ ಪತ್ತೆಗೆ ಬಳಸಬಹುದೆಂದು 2004ರಲ್ಲಿ ಪ್ರಕಟಿಸಿದರು. ಗುಟ್ಕಾ ಜಗಿಯುವ ನಾಡಿಗೆ ಬೇಕಾದ ಕೆಲಸ.

◆ ಥೈರಾಯ್ಡ್ ಹಿಂದೆ ಬೇಳೆ ಗಾತ್ರದ ನಾಲ್ಕು ಪಾರಾಥೈರಾಯ್ಡ್ ಗ್ರಂಥಿಗಳಿವೆ. ಅವಕೆಂಪು ಬೆಳಕಿನಲ್ಲಿ ಅವು ತಾವಾಗಿಯೇ ಹೊಳೆಯುತ್ತವೆ ಎಂದು 2011ರಲ್ಲಿ ತೋರಿಸಿದ್ದು ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಅನಿತಾ ಮಹಾದೇವನ್-ಜಾನ್ಸನ್ ತಂಡ. ಥೈರಾಯ್ಡ್ ಕ್ಯಾನ್ಸರ್ ತೆಗೆಯುವಾಗ ಹೀಗೆ ಹೊಳೆದದ್ದನ್ನು ಮುಟ್ಟದೆ ಉಳಿಸಬೇಕು. ನಾಲ್ಕೂ ಹೋದರೆ ರಕ್ತದ ಕ್ಯಾಲ್ಸಿಯಂ ಕುಸಿದು ಕೈಕಾಲು ಸೆಟೆದುಕೊಳ್ಳುತ್ತವೆ.