ರುಚಿಗೋ, ಕಿಕ್ಕಿಗೋ? ಲಷ್ಕರ್ ಬೀರುಪ್ರಿಯರ ಲೆಕ್ಕಾಚಾರ

ಲಷ್ಕರ್ ಅಂದರೆ ದಂಡು. ಹೆಸರಿನಲ್ಲೇ ಸಿಪಾಯಿಗಳಿರುವ ಈ ಮೊಹಲ್ಲಾದಲ್ಲಿ ಈಗ ಸಂಜೆ ಹೊತ್ತು ಸಾಲಾಗಿ ನಿಲ್ಲುವುದು ಬಾಟಲಿಗಳು! ಅಶೋಕ ರಸ್ತೆಯ ಅಂಗಡಿಗಳ ಷಟರ್ ಇಳಿಯುವ ಹೊತ್ತಿಗೆ, ಇರ್ವಿನ್ ರಸ್ತೆ ಕಡೆಯಿಂದ ಸಬರ್ಬನ್ ಬಸ್ ಸ್ಟ್ಯಾಂಡಿಗೆ ಜನ ಧಾವಿಸುವ ಹೊತ್ತಿಗೆ, ಬಾರಿನ ಕೌಂಟರಿನಲ್ಲಿ ಮೊದಲು ಕೇಳಿಬರುವುದು ಬ್ರ್ಯಾಂಡಿನ ಹೆಸರಲ್ಲ. “ಚಿಲ್ಡ್ ಇದ್ಯಾ ಗುರೂ?” ಅನ್ನುವುದೇ ಮೊದಲು. ಆಮೇಲೆ “ಸ್ಟ್ರಾಂಗೇ ಕೊಡು.” ಹೆಸರು ಬರುವುದು ಮೂರನೆಯದಾಗಿ.

ಹಾಗಂತ ಹೆಸರಿಗೆ ಬೆಲೆ ಇಲ್ಲವೆಂದಲ್ಲ. ಮೀನುಗುಬ್ಬಿ ಚಿತ್ರವಿಲ್ಲದ ಬಾಟಲಿ ಮುಟ್ಟದವರಿದ್ದಾರೆ. ನಾಕೌಟ್ ಬಿಟ್ಟರೆ ಬೇರೆ ಬೇಡ ಅನ್ನುವ ಹಳೇ ಹುಲಿಗಳಿದ್ದಾರೆ. ಜೇಬು ನೋಡಿಕೊಂಡು ಪವರ್ ಕೂಲ್ ಹಿಡಿಯುವವರು, ಮುಚ್ಚಳ ಎಳೆದರೆ ಸಾಕು ಅಂತ ಟುಬೋರ್ಗ್ ಕೇಳುವವರು, ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿ ಬಡ್‌ವೈಸರ್‌ಗೆ ಏರಿದವರು, ಎಲ್ಲರೂ ಉಂಟು. ಒಬ್ಬರಿಗೆ ಕಡ್ಲೆಕಾಯಿ ಬೀಜ ಸಾಕು, ಇನ್ನೊಬ್ಬರಿಗೆ ಖಾರದ ಕಬಾಬ್ ಇಲ್ಲದಿದ್ದರೆ ಗಂಟಲಲ್ಲಿ ಇಳಿಯದು. ಅವರವರ ನಾಲಿಗೆ, ಅವರವರ ಪಾಡು.

ದಂಡಿನ ಪಾನೀಯ

ಈ ಪಾನೀಯ ಕನ್ನಡನಾಡಿಗೆ ಬಂದದ್ದೂ ದಂಡಿನ ಜೊತೆಯಲ್ಲೇ. ಬ್ರಿಟಿಷ್ ಸೈನಿಕರ ಬಾಯಾರಿಕೆ ತಣಿಸಲು ದಕ್ಷಿಣ ಭಾರತದಲ್ಲಿ ಸಣ್ಣಪುಟ್ಟ ಬ್ರೂವರಿಗಳು ಹುಟ್ಟಿದವು. ಅಂಥ 5 ಬ್ರೂವರಿಗಳನ್ನು ಒಟ್ಟುಗೂಡಿಸಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಕಟ್ಟಿದವರು ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವರು. 1947ರಲ್ಲಿ ಆ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದವರು ವಿಠಲ ಮಲ್ಯ. 1978ರಲ್ಲಿ ಕಿಂಗ್‌ಫಿಷರ್ ಮಾರುಕಟ್ಟೆಗಿಳಿಯಿತು. 2021ರಲ್ಲಿ ಕಂಪನಿಯ ಹಿಡಿತ ಹಾಲೆಂಡಿನ ಹೈನೆಕೆನ್ ಕೈಗೆ ಹೋಯಿತು. ಪಕ್ಕದ ನಂಜನಗೂಡಿನಲ್ಲೂ ಈ ಕಂಪನಿಯ ಬ್ರೂವರಿ ಇದೆ. ಲಷ್ಕರ್‌ನಲ್ಲಿ ಕುಡಿಯುವವರಿಗೆ ಬೀರು ದೂರದ ಸರಕೇನಲ್ಲ!

ಆದರೆ ಅಪ್ಪಂದಿರ ಕಾಲದ ಬೀರೇ ಬೇರೆ, ಈಗಿನದೇ ಬೇರೆ. ದೇಶದಲ್ಲಿ ಈಗ ಖರ್ಚಾಗುವ ಬೀರಿನಲ್ಲಿ ಬಹುಪಾಲು ಸ್ಟ್ರಾಂಗ್. ಲೆಕ್ಕ ಸರಳ. ಮೈಲ್ಡ್‌ಗೂ ಸ್ಟ್ರಾಂಗ್‌ಗೂ ಬೆಲೆಯಲ್ಲಿ ಅಂಥಾ ದೊಡ್ಡ ಅಂತರವಿಲ್ಲ. ಅದೇ ದುಡ್ಡಿಗೆ ಜಾಸ್ತಿ ಕಿಕ್ ಸಿಗುವಾಗ ರುಚಿ ಯಾರಿಗೆ ಬೇಕು ಸ್ವಾಮಿ? ಮೇಲಾಗಿ ಸರ್ಕಾರ ಬೀರಿನ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು 2023ರ ಜುಲೈನಲ್ಲಿ ಶೇ. 175ರಿಂದ 185ಕ್ಕೆ ಏರಿಸಿತು. 2025ರ ಜನವರಿಯಲ್ಲಿ ಮತ್ತೆ ಏರಿಸಿತು. ಎರಡು ಬಾಟಲಿ ಕುಡಿಯುತ್ತಿದ್ದವನು ಒಂದಕ್ಕೆ ಇಳಿದಾಗ, ಆ ಒಂದು ಗಟ್ಟಿಯಾಗಿರಲಿ ಅನ್ನುವುದು ಸಹಜವೇ.

“ಬೀರು ತಾನೆ, ಏನಾಗುತ್ತೆ?”

ಎಡವಟ್ಟಾಗುವುದು ಇಲ್ಲೇ. “ಬೀರು ಅಂದ್ರೆ ಬಾರ್ಲಿ ನೀರು, ಏನೂ ಆಗಲ್ಲ” ಅನ್ನುವ ಮಾತು ಬಾರಿನಿಂದ ಬಾರಿಗೆ ಓಡಾಡುತ್ತಿದೆ. ಆ ಮಾತು ಹುಟ್ಟಿದ್ದು ಮೈಲ್ಡ್ ಬೀರಿನ ಕಾಲದಲ್ಲಿ.

ಬಾಟಲಿಯ ಚೀಟಿ ಓದಿ. ಮೈಲ್ಡ್ ಅಂದರೆ ಆಲ್ಕೋಹಾಲ್ ಶೇ. 5ರವರೆಗೆ. ಸ್ಟ್ರಾಂಗ್ ಅಂದರೆ 5ರ ಮೇಲೆ 8ರವರೆಗೆ. ದೊಡ್ಡ ಬಾಟಲಿ 650 ಮಿಲಿ. ಶೇ. 8ರ ಬಾಟಲಿಯಲ್ಲಿ ಅಪ್ಪಟ ಆಲ್ಕೋಹಾಲ್ 52 ಮಿಲಿ ಇರುತ್ತೆ. 60 ಮಿಲಿ ವಿಸ್ಕಿಯಲ್ಲಿರುವುದು ಸುಮಾರು 26 ಮಿಲಿ. ಅಂದರೆ ಒಂದು ಗಟ್ಟಿ ಬೀರು ಎರಡು ಲಾರ್ಜ್ ಪೆಗ್ಗಿಗೆ ಸಮ! ಇನ್ನು 90 ಮಿಲಿಯ ವಿಸ್ಕಿ ಪ್ಯಾಕೆಟ್ಟಿನಲ್ಲಿ ಇರುವುದು 39 ಮಿಲಿಯೊಳಗೆ. “ನಾನು ಹಾಟ್ ಮುಟ್ಟಲ್ಲಪ್ಪ, ಬರೀ ಬೀರು” ಎಂದು ಎದೆ ತಟ್ಟಿಕೊಳ್ಳುವ ಸಭ್ಯಸ್ಥರ ಹೊಟ್ಟೆಗೆ, ಪ್ಯಾಕೆಟ್ ಕುಡಿಯುವವನಿಗಿಂತ ಹೆಚ್ಚು ಪರಮಾತ್ಮ ಇಳಿದಿರುತ್ತಾನೆ.

ಲಿವರ್ ಇದನ್ನು ಕರಗಿಸುವುದು ಗಂಟೆಗೆ ಸುಮಾರು 10 ಮಿಲಿಯಂತೆ. ಒಂದು ಗಟ್ಟಿ ಬೀರು ಇಳಿಯಲು ಸುಮಾರು 5 ಗಂಟೆ ಬೇಕು. ನಿಂಬೆಹಣ್ಣು, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಅದನ್ನು ಬೇಗ ಇಳಿಸದು.

ಗ್ಲಿಸರಿನ್ ಎಂಬ ಭೂತ

ಇನ್ನೊಂದು ಹಳೇ ಪದ್ಧತಿ ಹಿರಿಯ ಪಾನಪ್ರಿಯರಿಗೆ ಗೊತ್ತಿದೆ. ಮುಚ್ಚಳ ತೆಗೆದು, ಬಾಟಲಿಯನ್ನು ನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸುವುದು. ಎಣ್ಣೆಯಂಥದ್ದು ಎಳೆ ಎಳೆಯಾಗಿ ನೀರಿಗೆ ಇಳಿಯುತ್ತೆ. “ನೋಡು, ಗ್ಲಿಸರಿನ್ ಹೋಗ್ತಾ ಇದೆ” ಅನ್ನುತ್ತಾರೆ.

ಹೋಗುವುದು ಗ್ಲಿಸರಿನ್ ಅಲ್ಲ, ದುಡ್ಡು ಕೊಟ್ಟ ಬೀರೇ! ಬೀರು ನೀರಿಗಿಂತ ಚೂರು ಭಾರ. ಅದು ಕೆಳಗಿಳಿಯುತ್ತೆ, ಅದರ ಜಾಗಕ್ಕೆ ಲೋಟದ ನೀರು ಮೇಲೇರುತ್ತೆ. ಹುದುಗು ಬರುವಾಗ ಸಹಜವಾಗಿ ಹುಟ್ಟುವ ಅಲ್ಪ ಗ್ಲಿಸರಿನ್ ಬೀರಿನಲ್ಲಿ ಬೆರೆತೇ ಇರುತ್ತೆ, ಅದೊಂದೇ ಬೇರೆಯಾಗಿ ಇಳಿಯದು. ಕೊನೆಗೆ ಉಳಿಯುವುದು ನೀರು ಬೆರೆಸಿದ ಬೀರು.

ರುಚಿ ನೋಡುವವರಿಗೆ

ನಿಜಕ್ಕೂ ರುಚಿ ಬೇಕೆನ್ನುವವರು ಗಮನಿಸಬೇಕಾದದ್ದು ಮೂರು. ಮೊದಲನೆಯದು ತಾರೀಕು. ಬಾಟಲಿ ಬೀರಿಗೆ ಸಾಮಾನ್ಯವಾಗಿ ತುಂಬಿದ ದಿನದಿಂದ 6 ತಿಂಗಳ ವಾಯಿದೆ. ಹೊಸದಾದಷ್ಟೂ ಚೆನ್ನ. ಎರಡನೆಯದು ಬೆಳಕು. ಬೀರಿಗೆ ಕಹಿ ಕೊಡುವ ಹಾಪ್ಸ್ ಬಿಸಿಲು ತಾಗಿದರೆ ಕೆಟ್ಟ ವಾಸನೆ ಹೊಡೆಯುತ್ತೆ. ಬಾಟಲಿಗೆ ಕಂದು ಬಣ್ಣ ಬಂದದ್ದು ಆ ಕಾರಣಕ್ಕೇ. ಹಸಿರು ಗಾಜು ಅಷ್ಟು ಕಾಪಾಡದು. ಅಂಗಡಿಯವರು ಕೇಸುಗಳನ್ನು ಬಿಸಿಲಿಗೆ ಒಡ್ಡಿ ಇಟ್ಟರೆ ಬೈಗುಳ ಬ್ರೂವರಿಗೆ, ತಪ್ಪು ಅಂಗಡಿಯದು. ಮೂರನೆಯದು ತಣ್ಪು. ಹಲ್ಲು ಜುಮ್ಮೆನ್ನುವಷ್ಟು ಚಿಲ್ಡ್ ಆದರೆ ನಾಲಿಗೆ ಮರಗಟ್ಟಿ ರುಚಿಯೇ ತಿಳಿಯದು. ಗಟ್ಟಿ ಬೀರಿನ ಘಾಟು ಗೊತ್ತಾಗದೆ ಗಟಗಟ ಇಳಿಯುವುದಕ್ಕೂ ಈ ತಣ್ಪೇ ಕಾರಣ.

ಕೊನೆಗೊಂದು ಲೆಕ್ಕ

ಯಾವ ಬ್ರ್ಯಾಂಡ್ ಅನ್ನುವುದು ಅವರವರ ಇಷ್ಟ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಹೆಸರು ಕೇಳುವ ಮೊದಲು ಚೀಟಿಯ ಮೇಲಿನ ಶೇಕಡಾ ಎಷ್ಟು ಅಂತ ಒಮ್ಮೆ ನೋಡಬೇಕು. ಯಾಕೆಂದರೆ ಬಾರಿನ ಹೊರಗೆ ಸ್ಕೂಟರ್ ಕಾದಿರುತ್ತೆ.

ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಆಲ್ಕೋಹಾಲ್ ಇದ್ದರೆ ಗಾಡಿ ಓಡಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸಾಧಾರಣ ಮೈಕಟ್ಟಿನವನಿಗೆ ಒಂದು ಸ್ಟ್ರಾಂಗ್ ಬಾಟಲಿ ಸಾಕು, ಈ ಗೆರೆ ದಾಟಿಬಿಡುತ್ತಾನೆ. “ಬರೀ ಬೀರು ಸಾರ್” ಅಂದರೆ ಪೊಲೀಸರ ಯಂತ್ರ ಕೇಳದು. ಎದುರಿಗೆ ಬರುವ ಲಾರಿಯಂತೂ ಕೇಳುವುದೇ ಇಲ್ಲ.

ಆ ಮಟ್ಟಿಗೆ ಬಸ್ಸಿಗೆ ಹೋಗುವವನೇ ಜಾಣ. ಹೆಚ್ಚೆಂದರೆ ತೂಕಡಿಸಿ ಸ್ಟಾಪ್ ತಪ್ಪಿಸಿಕೊಂಡು, ಮುಂದಿನ ಊರಲ್ಲಿಳಿದು ನಡೆದು ಬಂದಾನು. ಮನೆಯವರ ಕೈಲಿ ಬೈಸಿಕೊಂಡಾನು. ಆದರೆ ಮನೆಗಂತೂ ಬಂದಾನು!